ಹಳೆ ದೋಣಿಗೆ ಎಲೆಕ್ಟ್ರಿಕ್ ಮೋಟರ್ ಹಾಕಿಸುವ ಮುನ್ನ

ಅಘನಾಶಿನಿ ಹಿನ್ನೀರಲ್ಲಿ ಗಾಳ ಹಾಕೋಕೆ ಹಳೆ ಫೈಬರ್ ದೋಣಿ ಕೊಂಡವರು ಮೋಟರ್ ಬಗ್ಗೆ ಕೇಳ್ತಾ ಇರ್ತೀರಿ. ಮೊದಲು ಮೋಟರ್ ಕೂರುವ ಹಿಂಬದಿ ಹಲಗೆ ನೋಡಿ. ಫೈಬರ್ ಒಳಗಿನ ಮರ ಕೊಳೆತಿರಬಹುದು, ಹೊರಗೆ ಗೊತ್ತೇ ಆಗಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಮೆತ್ತಗಿನ ಸದ್ದು ಬಂದರೆ ಹಲಗೆ ಬದಲಿಸಿ, ಆಮೇಲೆ ಮೋಟರ್.

ಇಬ್ಬರು ಕೂರುವ ದೋಣಿಗೆ 12 ವೋಲ್ಟಿನ, 55 ಪೌಂಡ್ ಥ್ರಸ್ಟಿನ (ದೋಣಿ ತಳ್ಳುವ ಬಲ) ಮೋಟರ್ ಸಾಕು. ಉಪ್ಪುನೀರಿಗೆಂದೇ ಮಾಡಿದ್ದನ್ನೇ ಕೊಳ್ಳಿ.

ಜಾಸ್ತಿ ಜನ ಎಡವೋದು ಬ್ಯಾಟರಿಯಲ್ಲಿ. ಫುಲ್ ಸ್ಪೀಡಿನಲ್ಲಿ ಈ ಮೋಟರ್ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಲೆಕ್ಕಕ್ಕೆ ಒಂದು ಗಂಟೆ, ಆದರೆ ಇಷ್ಟು ಜೋರಾಗಿ ಎಳೆದರೆ ಬ್ಯಾಟರಿ ಪೂರ್ತಿ ಕೊಡಲ್ಲ, ಅಷ್ಟೂ ಸಿಗಲ್ಲ. ನಿಧಾನಕ್ಕೆ ಓಡಿಸಿದರೆ ಎರಡು ಮೂರು ಗಂಟೆ ಬರುತ್ತದೆ. ಕಾರಿನ ಬ್ಯಾಟರಿ ಬೇಡವೇ ಬೇಡ, ಬೇಗ ಸಾಯುತ್ತದೆ. ದುಡ್ಡಿದ್ದರೆ ಲಿಥಿಯಂ ಐರನ್ ಫಾಸ್ಫೇಟ್ ತಗೊಳ್ಳಿ. ಭಾರವೂ ಅರ್ಧದಷ್ಟೇ.

ಬ್ಯಾಟರಿಯನ್ನು ಹಿಂದೆ ಇಡಬೇಡಿ. ನೀವೂ ಮೋಟರೂ ಅಲ್ಲೇ ಇರ್ತೀರಲ್ವಾ, ದೋಣಿಯ ಮೂತಿ ಮೇಲೇಳುತ್ತದೆ. ನಡುವೆ ಇಟ್ಟು ಬೆಲ್ಟ್ ಬಿಗಿಯಿರಿ. 16 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದು, ಬ್ಯಾಟರಿ ಹತ್ತಿರವೇ 60 ಆಂಪಿಯರ್ ಬ್ರೇಕರ್ (ಕರೆಂಟ್ ಜಾಸ್ತಿಯಾದರೆ ತಾನೇ ಕಡಿಯುವ ಸ್ವಿಚ್) ಹಾಕಿ. ಇದನ್ನು ದಯವಿಟ್ಟು ಬಿಡಬೇಡಿ, ಶಾರ್ಟ್ ಆದರೆ ವೈರಿಗೇ ಬೆಂಕಿ ಹತ್ತುತ್ತದೆ.

ವಾಪಸ್ ಬಂದ ಮೇಲೆ ಸಿಹಿನೀರಲ್ಲಿ ಮೋಟರ್ ತೊಳೆಯಿರಿ. ಇಳಿತದ ಹೊತ್ತಲ್ಲಿ ಅಳಿವೆ ಬಾಯಿ ಕಡೆ ಹೋಗಬೇಡಿ. ಸೆಳೆತಕ್ಕೆ ಎದುರಾಗಿ ಬರುವ ಶಕ್ತಿ ಈ ಮೋಟರಿಗಿಲ್ಲ. ಹುಟ್ಟು, ಲೈಫ್ ಜಾಕೆಟ್ ದೋಣಿಯಲ್ಲೇ ಇರಲಿ.