ಅಹವಾಲು ಸಭೆಗೆ ಬರೀ ಸಿಟ್ಟು ಹೊತ್ತು ಹೋಗಬೇಡಿ

ನಿಮ್ಮೂರಿಗೆ ಬಂದರು ಬರುತ್ತದಂತೆ, ಹೊಳೆಗೆ ಅಣೆಕಟ್ಟು ಬರುತ್ತದಂತೆ. ಸುದ್ದಿ ಮೊದಲು ಚಾ ಅಂಗಡಿಗೆ ಬರುತ್ತದೆ. ಆಮೇಲೆ ಪೇಪರಿನ ಒಳಪುಟದಲ್ಲಿ ಒಂದು ಪ್ರಕಟಣೆ. ಅದನ್ನು ಕತ್ತರಿಸಿ ಇಟ್ಟುಕೊಳ್ಳಿ.

2006ರ ಪರಿಸರ ಅಧಿಸೂಚನೆಯ ಪ್ರಕಾರ, ದೊಡ್ಡ ಯೋಜನೆಗೆ ಅನುಮತಿ ಕೊಡುವ ಮೊದಲು ಊರವರ ಮಾತು ಕೇಳಬೇಕು. ಈ ಅಹವಾಲು ಸಭೆ ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ. ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಇಲ್ಲವೇ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿನವರಲ್ಲದ ಅಧಿಕಾರಿಯದು. 2025ರಲ್ಲಿ ಅಂಕೋಲೆಯ ಕೇಣಿ ಬಂದರಿಗೂ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಮತ್ತೆ ಕೆಳಗೆ ಬಿಟ್ಟು ಕರೆಂಟು ತೆಗೆಯುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೂ ನಡೆದದ್ದು ಇದೇ ಸಭೆ. ದೇಶದ ರಕ್ಷಣೆಯ ಯೋಜನೆಗಳಿಗೂ ಇನ್ನು ಕೆಲವು ಬಗೆಯ ಯೋಜನೆಗಳಿಗೂ ಇದು ಇಲ್ಲ. ನೌಕಾನೆಲೆಯ ಪಕ್ಕದಲ್ಲಿರುವ ಕಾರವಾರದವರಿಗೆ ರಕ್ಷಣೆಯ ವಿಷಯ ಬಿಡಿಸಿ ಹೇಳಬೇಕಿಲ್ಲ ಬಿಡಿ.

ಪ್ರಕಟಣೆಯಿಂದ ಸಭೆಗೆ ಕನಿಷ್ಠ 30 ದಿನ ಸಿಗುತ್ತದೆ. ಮೊದಲ ವಾರದಲ್ಲೇ ಪರಿಸರ ಪರಿಣಾಮದ ಕರಡು ವರದಿ ಹಿಡಿಯಿರಿ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯ್ತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಅದನ್ನು ಓದಲು ಇಟ್ಟಿರಬೇಕು. ಸಾರಾಂಶ ಕನ್ನಡದಲ್ಲಿರುತ್ತದೆ. ಆದರೆ ಕಂಪನಿಗೆ ಬೇಕಾದ್ದೆಲ್ಲ ಸಾರಾಂಶದಲ್ಲಿ, ನಿಮಗೆ ಬೇಕಾದ್ದು ಇಂಗ್ಲಿಷಿನ ದಪ್ಪ ವರದಿಯ ನಡುವೆ ಎಲ್ಲೋ! ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರನ್ನು ಜೊತೆಗೆ ಕೂರಿಸಿಕೊಳ್ಳಿ. ಪೂರ್ತಿ ಓದಬೇಕೆಂದೇನೂ ಇಲ್ಲ.

ಮೊದಲು, ವರದಿಗಾಗಿ ನೀರು, ಗಾಳಿಯ ಅಳತೆ ಮಾಡಿದ ತಿಂಗಳು ಯಾವುದು ನೋಡಿ. ಮಳೆಗಾಲ ಬಿಟ್ಟು ಒಂದು ಹಂಗಾಮಿನ ಮಾಹಿತಿ ತೆಗೆದರೂ ಎಷ್ಟೋ ಯೋಜನೆಗಳಿಗೆ ಸಾಕಾಗುತ್ತದೆ. ನಮ್ಮ ಕರಾವಳಿಗೆ ಇದು ದೊಡ್ಡ ಕೊರತೆ. ಮಾರ್ಚಿನಲ್ಲಿ ಕಾಳಿ ಅಳಿವೆ ನೋಡಿದವರಿಗೆ ಜುಲೈನಲ್ಲಿ ಅದು ಬೇರೆಯೇ ಹೊಳೆ ಅನ್ನಿಸುತ್ತದೆ, ಅಲ್ವಾ?

ಆಮೇಲೆ, ಯಾರನ್ನೆಲ್ಲ ಲೆಕ್ಕಕ್ಕೆ ಹಿಡಿದಿದ್ದಾರೆ ಅಂತ ನೋಡಿ. ಸುಮ್ನೆ ‘ಮೀನುಗಾರರು’ ಅಂತ ಬರೆದು ದೋಣಿ ಎಣಿಸಿದರೆ ಸಾಲದು. ಅಘನಾಶಿನಿ ಅಳಿವೆಯಲ್ಲಿ ನೀರು ಇಳಿದಾಗ ಸೊಂಟದ ಮಟ್ಟದ ನೀರಲ್ಲಿ ನಿಂತು ಬಳಚು, ಅಂದರೆ ಚಿಪ್ಪಿನ ಜೀವಿ, ಹೆಕ್ಕುವವರಿದ್ದಾರೆ. ಕಾಲಿನಲ್ಲಿ ಕೆಸರು ತಡಕಿ, ಚಿಪ್ಪು ಸಿಕ್ಕಲ್ಲಿ ಬಗ್ಗಿ ಬುಟ್ಟಿಗೆ ಹಾಕುತ್ತಾರೆ. ಇದಕ್ಕೆ ದೋಣಿ ಬೇಡ, ಲೈಸೆನ್ಸ್ ಬೇಡ. ಹಾಗಾಗಿ ಇವರು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ದಂಡೆಯ ಮರಳಲ್ಲಿ ಮೀನು ಒಣಗಿಸುವ ಹೆಂಗಸರದ್ದೂ ಇದೇ ಕಥೆ. ಅವರ ಜಾಗ ನಕ್ಷೆಯಲ್ಲಿ ಖಾಲಿ ಮರಳು ಅಂತ ಬಂದಿದ್ದರೆ ಅದನ್ನೇ ಹಿಡಿಯಿರಿ. ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ), ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಕಡಲಾಮೆ ಮೊಟ್ಟೆ ಇಡುವ ದಂಡೆ ಇವೂ ನಕ್ಷೆಯಲ್ಲಿ ಇವೆಯೇ ನೋಡಿ.

ಈಗ ಬರೆಯಿರಿ. ‘ಯೋಜನೆ ಬೇಡ’ ಅನ್ನುವ ಒಂದೇ ಸಾಲಿಗೆ ‘ಗಮನಿಸಲಾಗಿದೆ’ ಅನ್ನುವ ಒಂದೇ ಸಾಲಿನ ಉತ್ತರ ಬರುತ್ತದೆ. ಬದಲಿಗೆ ಹೀಗೆ ಬರೆಯಿರಿ: ‘ಇಂಥ ಪುಟದಲ್ಲಿ ಅಳಿವೆಯ ಆಳ ಕೊಟ್ಟಿದ್ದೀರಿ. ಮಳೆಗಾಲದ ಅಳತೆ ಎಲ್ಲಿದೆ? ಹೂಳೆತ್ತಿದ ಮರಳನ್ನು ಎಲ್ಲಿ ಸುರಿಯುತ್ತೀರಿ? ಅಲ್ಲಿ ಈಗ ಬಲೆ ಬಿಡುವವರು ಎಷ್ಟು ಮನೆಯವರು?’ ಎರಡು ಪ್ರತಿ ಮಾಡಿ ಮಂಡಳಿಯ ಕಚೇರಿಗೆ ಕೊಡಿ. ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ.

ಸಭೆಗೆ ಕನಿಷ್ಠ ಇಷ್ಟು ಜನ ಇರಬೇಕೆಂಬ ಕೋರಂ ಇಲ್ಲ. ನೀವು ಬಹಿಷ್ಕಾರ ಹಾಕಿ ಹೊರಗೆ ನಿಂತರೂ ಒಳಗೆ ಸಭೆ ಮುಗಿದುಹೋಗಬಹುದು. ನನ್ನ ಕೇಳಿದರೆ, ಘೋಷಣೆ ಎಷ್ಟು ಬೇಕಾದರೂ ಕೂಗಿ, ಆದರೆ ಒಬ್ಬರಾದರೂ ಮೈಕ್ ಹಿಡಿಯಿರಿ. ಅಲ್ಲಿ ವಿಡಿಯೊ ಚಿತ್ರೀಕರಣ ಕಡ್ಡಾಯ. ಹೆಸರು, ಊರು, ಪುಟ, ಪ್ರಶ್ನೆ ಈ ಕ್ರಮದಲ್ಲಿ ನಿಧಾನವಾಗಿ ಹೇಳಿ. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು ಕೇಳುವುದು ಬೇಡ, ಮೊದಲೇ ಹಂಚಿಕೊಳ್ಳಿ.

ಊಟದ ಹೊತ್ತಾಯಿತು, ಬಸ್ಸಿನ ಹೊತ್ತಾಯಿತು ಅಂತ ಹೊರಡುವವರು ಜಾಸ್ತಿ. ಹೋಗಬೇಡಿ. ಕೊನೆಗೆ ನಡಾವಳಿಯನ್ನು ಎಲ್ಲರೆದುರು ಓದಿ, ಕನ್ನಡದಲ್ಲಿ ವಿವರಿಸಬೇಕು. ಆಮೇಲೆಯೇ ಸಹಿ. ನಿಮ್ಮ ಮಾತು ಅದರಲ್ಲಿ ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ನಿಂತು ಸೇರಿಸಲು ಹೇಳಿ. ಈ ಸಭೆಯಲ್ಲಿ ಕೈ ಎತ್ತಿಸಿ ಮತ ಎಣಿಸುವುದಿಲ್ಲ. ಅನುಮತಿ ಕೊಡಬಹುದೇ ಎಂದು ಪರಿಶೀಲಿಸುವ ಪರಿಣತರ ಸಮಿತಿಯ ಮುಂದೆ ಹೋಗುವುದು ಆ ನಡಾವಳಿ. ಅದರಲ್ಲಿರುವ ಆಕ್ಷೇಪಗಳಿಗೆ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕು.

ಮುಂದಿನದ್ದನ್ನು ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ನೋಡುತ್ತಿರಿ. ಅನುಮತಿ ಸಿಕ್ಕಿಬಿಟ್ಟರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ತಡಕ್ಕೆ ಸರಿಯಾದ ಕಾರಣವಿದ್ದರೆ ಇನ್ನೂ 60 ದಿನದ ತನಕ ತೆಗೆದುಕೊಳ್ಳುತ್ತಾರೆ, ಅದರಾಚೆ ಇಲ್ಲ. ನಮಗೆ ಹತ್ತಿರದ ಪೀಠ ಚೆನ್ನೈನಲ್ಲಿದೆ. ವಕೀಲರ ಹತ್ತಿರ ಹೋಗುವಾಗ ಸೀಲು ಹಾಕಿಸಿದ ಪ್ರತಿ ಜೊತೆಗಿರಲಿ.