ಮೂಗಿನಿಂದ ಪಿಟ್ಯುಟರಿ ಗಡ್ಡೆ ಆಪರೇಷನ್ ಆದ್ಮೇಲೆ ಮನೇಲಿ ಹೇಗೆ ನೋಡ್ಕೋಬೇಕು

ಪಿಟ್ಯುಟರಿ ಅಂದ್ರೆ ಬಟಾಣಿ ಕಾಳಿನಷ್ಟು ಗ್ರಂಥಿ, ಮೆದುಳಿನ ಬುಡದಲ್ಲಿ ಮೂಗಿನ ಹಿಂದಿರೋ ಸೈನಸ್ ಮೇಲೇನೆ ಕೂತಿರತ್ತೆ, ಅದಕ್ಕೇ ತಲೆ ಬುರುಡೆ ತೆಗೀದೆ ಮೂಗಿನ ಹೊಳ್ಳೆಯಿಂದ ಎಂಡೋಸ್ಕೋಪ್ (ತುದಿಯಲ್ಲಿ ಕ್ಯಾಮೆರಾ ಇರೋ ಸಣ್ಣ ಕೊಳವೆ) ಹಾಕಿ ಗಡ್ಡೆ ತೆಗೀತಾರೆ. ಹೊರಗೆ ಗಾಯ ಕಾಣದೇ ಇರೋದ್ರಿಂದ ಮನೆಯವ್ರೆಲ್ಲ ಎಲ್ಲಾ ಸರಿಹೋಯ್ತು ಅಂದ್ಕೊಳ್ತಾರೆ, ಆದ್ರೆ ಒಳಗೆ ಮೆದುಳಿನ ನೀರು ಸೋರದ ಹಾಗೆ ಮುಚ್ಚಿರೋ ಜಾಗ ಇನ್ನೂ ಹಸಿ ಇರತ್ತೆ.

ಜೋರಾಗಿ ಉಸಿರು ಬಿಟ್ಟು ಮೂಗಿಂದ ಸಿಂಬಳ ತೆಗಿಯೋದು ಬೇಡವೇ ಬೇಡ. ಸೀನು ಬಂದ್ರೆ ತಡೀಬೇಡಿ, ಬಾಯಿ ತೆರೆದು ಸೀನಕ್ಕೆ ಹೇಳಿ. ಒಗ್ಗರಣೆ ಘಾಟು, ಊದುಬತ್ತಿ ಹೊಗೆ ಅವ್ರ ಹತ್ರ ಬರದ ಹಾಗೆ ನೋಡ್ಕೊಳ್ಳಿ. ಎಳನೀರು ಕೊಟ್ರೂ ಸ್ಟ್ರಾ ಬೇಡ, ಲೋಟಕ್ಕೆ ಬಗ್ಗಿಸಿ ಕೊಡಿ. ಬಗ್ಗೋದು, ಭಾರ ಎತ್ತೋದು, ಟಾಯ್ಲೆಟ್ಟಲ್ಲಿ ತಿಣುಕೋದು ಬೇಡ, ಮಲಬದ್ಧತೆ ಆಗ್ತಿದ್ರೆ ಡಾಕ್ಟ್ರ ಹತ್ರ ಸಿರಪ್ ಬರೆಸ್ಕೊಳ್ಳಿ. ಮಲಗುವಾಗ ತಲೆ ಎತ್ತರದಲ್ಲಿರಲಿ. ಅಜ್ಜಿ ಹೇಳಿದ್ರು ಅಂತ ಮೂಗಿಗೆ ತುಪ್ಪ, ಎಣ್ಣೆ ಬಿಡಬೇಡಿ ದಯವಿಟ್ಟು, ಡಾಕ್ಟ್ರು ಬರ್ಕೊಟ್ಟಿರೋ ಸಲೈನ್ (ಉಪ್ಪುನೀರಿನ) ಸ್ಪ್ರೇ ಸಾಕು. ಮೂಗಿಂದ ತಿಳಿನೀರು ತೊಟ್ಟಿಕ್ತಿದ್ರೆ, ಗಂಟಲಲ್ಲಿ ಉಪ್ಪುಪ್ಪು ನೀರು ಇಳಿದಂಗಾದ್ರೆ ನೆಗಡಿ ಅಂತ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರ ಬಂದು ಕತ್ತು ಬಿಗಿದ್ರೂ ಅಷ್ಟೇ.

ಇನ್ನು ನೀರಿನ ಲೆಕ್ಕ, ಇದೇ ಎಲ್ಲಕ್ಕಿಂತ ಮುಖ್ಯ. ಒಂದು ಅಳತೆ ಜಗ್, ಒಂದು ನೋಟ್‌ಬುಕ್ ಇಟ್ಕೊಂಡು ಎಷ್ಟು ಕುಡಿದ್ರು, ಎಷ್ಟು ಮೂತ್ರ ಹೋಯ್ತು ಟೈಮ್ ಸಮೇತ ಬರೀರಿ. ನೀರಿನಷ್ಟೇ ತಿಳಿಯಾದ ಮೂತ್ರ ಗಂಟೆಗೆ 250-300 ಎಂಎಲ್ ಹಾಗೆ ಎರಡ್ಮೂರು ಗಂಟೆ ಒಂದೇ ಸಮ ಹೋಗ್ತಿದ್ರೆ, ಎಷ್ಟು ಕುಡಿದ್ರೂ ದಾಹ ತೀರದೇ ಇದ್ರೆ, ಪಿಟ್ಯುಟರಿಯಿಂದ ಬರೋ, ಮೈಯಲ್ಲಿ ನೀರು ಹಿಡಿದಿಡೋ ಹಾರ್ಮೋನ್ ಕಮ್ಮಿ ಆಗಿರಬಹುದು, ಆಸ್ಪತ್ರೆಗೆ ಫೋನ್ ಮಾಡಿ.

ಕೆಲವರಿಗೆ ಇದರ ಉಲ್ಟಾನೂ ಆಗತ್ತೆ. ಒಂದು ವಾರದ ಹೊತ್ತಿಗೆ ಅದೇ ಹಾರ್ಮೋನ್ ಜಾಸ್ತಿಯಾಗಿ ಮೈಯಲ್ಲಿ ನೀರು ನಿಂತು ರಕ್ತದ ಸೋಡಿಯಂ (ಉಪ್ಪಿನಂಶ) ಇಳಿಯತ್ತೆ. ನಮ್ಮಕ್ಕಂಗೆ ಎಂಟನೇ ದಿನ ತಲೆನೋವು, ವಾಂತಿ, ಮಂಕು ಹಿಡಿದಂಗೆ ಇದ್ರು, ನಾವು ಪಿತ್ತ ಅಂತ ನಿಂಬೆ ಪಾನಕ ಕೊಟ್ಕೊಂಡು ಕೂತ್ವಿ, ಒಂದು ರಾತ್ರಿ ಪೂರ್ತಿ ವೇಸ್ಟ್ ಮಾಡಿದ್ವಿ, ಬೆಳಿಗ್ಗೆ ಬ್ಲಡ್ ಟೆಸ್ಟಲ್ಲಿ ಸೋಡಿಯಂ ತುಂಬಾ ಇಳಿದಿತ್ತು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗತ್ತೆ. ಆದ್ದರಿಂದ ಡಿಸ್ಚಾರ್ಜ್ ದಿನಾನೇ ಸೋಡಿಯಂ ಟೆಸ್ಟ್ ಯಾವತ್ತು ಅಂತ ಕೇಳಿ ಬರ್ಕೊಳ್ಳಿ, ಆರಾಮಾಗಿದಾರೆ ಅಂತ ಬಿಡಬೇಡಿ. ಬಿಸಿಲಿದೆ ಅಂತ ಒತ್ತಾಯ ಮಾಡಿ ಲೀಟರ್‌ಗಟ್ಟಲೆ ಕುಡಿಸೋದೂ ತಪ್ಪು, ಡಾಕ್ಟ್ರು ಹೇಳಿದಷ್ಟೇ ಕೊಡಿ.

ಹೈಡ್ರೋಕಾರ್ಟಿಸೋನ್ ಮಾತ್ರೆ (ಮೈಯಲ್ಲಿ ಕಮ್ಮಿಯಾದ ಸ್ಟೀರಾಯ್ಡ್ ಹಾರ್ಮೋನ್ ಬದಲಿಗೆ ಕೊಡೋದು) ಕೊಟ್ಟಿದ್ರೆ ಒಂದು ಡೋಸೂ ತಪ್ಪಿಸಬೇಡಿ, ತಾವಾಗೇ ನಿಲ್ಲಿಸೋದಂತೂ ಪ್ರಾಣಕ್ಕೇ ಕುತ್ತು. ಜ್ವರ ಬಂದಾಗ ಡೋಸ್ ಎಷ್ಟು ಏರಿಸಬೇಕು ಅಂತ ಮೊದಲೇ ಕೇಳಿಟ್ಕೊಳ್ಳಿ, ವಾಂತಿಯಾಗಿ ಮಾತ್ರೆ ನಿಲ್ಲದಿದ್ರೆ ಇಂಜೆಕ್ಷನ್ ಬೇಕಾಗತ್ತೆ, ಕಾಯಬೇಡಿ. ಇದ್ದಕ್ಕಿದ್ದಂತೆ ಕಣ್ಣು ಮಂಜಾದ್ರೆ, ತಡ್ಕೊಳಕ್ಕಾಗದ ತಲೆನೋವು ಬಂದ್ರೆ ಫೋನೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ. ಡಿಸ್ಚಾರ್ಜ್ ಶೀಟು, ವಾರ್ಡ್ ಫೋನ್ ನಂಬರು ಫ್ರಿಜ್ ಮೇಲೆ ಅಂಟಿಸಿ, ರಾತ್ರಿ ಹೊತ್ತು ಹುಡುಕೋದು ತಪ್ಪತ್ತೆ.