ಎಸ್‌ಎಸ್‌ಡಿ ಹೋಯ್ತು ಅಂತ ಎಸೆಯುವ ಮೊದಲು ಫರ್ಮ್‌ವೇರ್ ನೋಡಿ

ಕಂಪ್ಯೂಟರಿನ ಡೇಟಾ ಇಡುವ ಎಸ್‌ಎಸ್‌ಡಿ ಡ್ರೈವ್ ಪದೇಪದೇ ಹ್ಯಾಂಗ್ ಆದ ತಕ್ಷಣ ಅದರ ಮೆಮೊರಿ ಚಿಪ್ಪೇ ಸತ್ತಿದೆ ಎಂದುಕೊಳ್ಳಬೇಡಿ. ತಪ್ಪು ಫರ್ಮ್‌ವೇರಿನದ್ದೂ, ಅಂದರೆ ಡ್ರೈವನ್ನು ನಡೆಸುವ ಒಳಗಿನ ಸಾಫ್ಟ್‌ವೇರಿನದ್ದೂ ಇರಬಹುದು. ಹಳೆಯ ಕ್ರೂಶಿಯಲ್ ಎಂ4 ಡ್ರೈವ್ 5184 ಗಂಟೆ ಓಡಿದ ಮೇಲೆ ಗಂಟೆಗೊಮ್ಮೆ ನಿಂತುಬಿಡುತ್ತಿತ್ತು. ಕಾರಣ ಸ್ಮಾರ್ಟ್ ಕೌಂಟರಿನ (ಡ್ರೈವ್ ತನ್ನ ಆರೋಗ್ಯದ ಲೆಕ್ಕ ಇಡುವ ವ್ಯವಸ್ಥೆಯ) ದೋಷ. 2012ರಲ್ಲಿ ಬಂದ 0309 ಫರ್ಮ್‌ವೇರ್ ಹಾಕಿದರೆ ಸರಿಹೋಗುತ್ತಿತ್ತು, ಡೇಟಾವೂ ಉಳಿಯುತ್ತಿತ್ತು. ಸ್ಯಾಮ್‌ಸಂಗ್ 980 ಪ್ರೊದಲ್ಲಿ 3ಬಿ2ಕ್ಯೂಜಿಎಕ್ಸ್‌ಎ7 ಇದ್ದರೆ ಇವತ್ತೇ 5ಬಿ2ಕ್ಯೂಜಿಎಕ್ಸ್‌ಎ7 ಹಾಕಿ. ಹಳೆಯದರ ದೋಷದಿಂದ ಡ್ರೈವ್ ಒಮ್ಮೆ ರೀಡ್-ಓನ್ಲಿ (ಓದಬಹುದು, ಬರೆಯಲು ಬಾರದು) ಆಗಿ ಲಾಕ್ ಆದರೆ ಅಪ್‌ಡೇಟ್‌ನಿಂದ ಬಿಡಿಸಲು ಬರುವುದಿಲ್ಲ. ಸಿಕ್ಕಿದ್ದನ್ನು ಕಾಪಿ ಮಾಡಿಕೊಂಡು ವಾರಂಟಿಗೆ ಕೊಡುವುದೇ ದಾರಿ.

ಡ್ರೈವಿನ ಸ್ಥಿತಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್ ತೆರೆದರೆ ಮಾಡೆಲ್, ಫರ್ಮ್‌ವೇರ್, ಓಡಿದ ಗಂಟೆ ಎಲ್ಲ ಒಂದೇ ಕಡೆ ಕಾಣುತ್ತದೆ. ಮೊದಲು ಬ್ಯಾಕಪ್. ಬಿಟ್‌ಲಾಕರ್ (ಡ್ರೈವಿಗೆ ವಿಂಡೋಸ್ ಹಾಕುವ ಎನ್‌ಕ್ರಿಪ್ಶನ್ ಬೀಗ) ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು ಅದನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ. ಯುಎಸ್‌ಬಿ ಕೇಸಿನಲ್ಲಿರುವ ಡ್ರೈವನ್ನು, ಫರ್ಮ್‌ವೇರ್ ಹಾಕುವ ಕಂಪನಿಯ ಟೂಲ್ ಎಷ್ಟೋ ಸಲ ಗುರುತಿಸುವುದೇ ಇಲ್ಲ, ನೇರ ಮದರ್‌ಬೋರ್ಡಿಗೇ ಹಾಕಿ. ಟೂಲ್ ಕಂಪನಿಯ ಸೈಟಿನದ್ದೇ ಆಗಿರಲಿ.

ನಮ್ಮ ಶಿರಸಿ, ಸಿದ್ದಾಪುರ ಕಡೆ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ. ಫರ್ಮ್‌ವೇರ್ ಬರೆಯುವಾಗ ನಡುವೆ ಕರೆಂಟ್ ಹೋದರೆ ಡ್ರೈವ್ ಮತ್ತೆ ಏಳದೇ ಹೋಗಬಹುದು. ಡೆಸ್ಕ್‌ಟಾಪಾದರೆ ಯುಪಿಎಸ್ ಬೇಕೇ ಬೇಕು. ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿರಲಿ, ಚಾರ್ಜರೂ ಹಾಕಿರಲಿ. ಗುಡುಗು ಕೇಳಿದರೆ ನಾಳೆ ಮಾಡಿ.

ಮುಗಿದ ಮೇಲೆ ರೀಸ್ಟಾರ್ಟ್ ಸಾಲದು. ಪೂರ್ತಿ ಶಟ್‌ಡೌನ್ ಮಾಡಿ, ಆನ್ ಮಾಡಿ, ಫರ್ಮ್‌ವೇರ್ ಸಂಖ್ಯೆ ಬದಲಾಗಿದೆಯೇ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟು ಬದಲಿ ಜಾಗಕ್ಕೆ ಹೋದ ಭಾಗ) ಅಥವಾ ಮೀಡಿಯಾ ಎರರ್ (ಡೇಟಾ ಓದುವಾಗಿನ ತಪ್ಪು) ಸಂಖ್ಯೆ ಆಮೇಲೂ ಏರುತ್ತಲೇ ಇದ್ದರೆ ತೊಂದರೆ ಚಿಪ್ಪಿನದೇ, ಹೊಸ ಡ್ರೈವ್ ತನ್ನಿ.